ಹಣ್ಣಿನ ನಾಣ್ಯ

ಆಗೆಲ್ಲ ಬೇಸಿಗೆ ರಜೆ ನಮಗೆ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮಾಲೂರಿನಿಂದ ಕೋಲಾರ, ಕೋಲಾರದಿಂದ ಶ್ರೀನಿವಾಸಪುರ ಎಂದು ಎರಡು ಬಸ್ಸು ಹತ್ತಿ ಅಜ್ಜಿಯ ಮನೆಗೆ ಬರುವಾಗ, ಊರು ಇನ್ನೂ ದೂರವಿರುವಂತೆಯೇ ಕಿಟಕಿಯಿಂದ ಮಾವಿನ ಸೊನೆಯ ವಾಸನೆ ಒಳಗೆ ನುಗ್ಗುತ್ತಿತ್ತು. ತಂಗಿ ಮಂಜು ನಿದ್ದೆಯಲ್ಲೇ ಮೂಗರಳಿಸಿ ಎದ್ದು ಕೂರುತ್ತಿದ್ದಳು. ಊರೊಳಗೆ ಬಂದಮೇಲೆ ಆ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇರುತ್ತಿತ್ತು. ಕೊಳೆತ ಬೆಳ್ಳುಳ್ಳಿಯಂಥದ್ದು. ಎರಡು ದಿನ ಕಳೆದರೆ ಅದು ಇದೆಯೆಂಬುದೇ ಮರೆತುಹೋಗುತ್ತಿತ್ತು.

ಅದು ಬರುತ್ತಿದ್ದದ್ದು ಅನ್ವರ್ ಸಾಬ್ರ ಮಂಡಿಯಿಂದ. ಅಜ್ಜಿಯ ಹಿತ್ತಲಿನ ಕಳ್ಳಿ ಬೇಲಿ ದಾಟಿದರೆ ಮಂಡಿಯ ತಗಡಿನ ಮಾಡು. ಅದರ ಹಿಂದುಗಡೆ ಕಿಟಕಿಯಿಲ್ಲದ ಒಂದು ಕೋಣೆ. ಕಾಯನ್ನು ಅಡೆ ಹಾಕಿ ಹಣ್ಣು ಮಾಡುವ ಕೋಣೆ. ನೆಲಕ್ಕೆ ಹುಲ್ಲು ಹಾಸಿ, ಕಾಯಿ ಜೋಡಿಸಿ, ನಡುನಡುವೆ ಕಾಗದದ ಪೊಟ್ಟಣಗಳಲ್ಲಿ ಬೂದುಬಣ್ಣದ ಕಾರ್ಬೈಡ್ ಪುಡಿ ಇಟ್ಟು ಬಾಗಿಲು ಹಾಕುತ್ತಿದ್ದರು. ಆಮೇಲೆ ಬಾಗಿಲ ಸಂದಿಗಳಿಗೆ ಒದ್ದೆ ಗೋಣಿ ತುರುಕಿ, ಅದರ ಮೇಲೆ ಕೆಮ್ಮಣ್ಣು ಮೆತ್ತುತ್ತಿದ್ದರು. ಮೂರು ದಿನ ಯಾರೂ ತೆಗೆಯುವಂತಿರಲಿಲ್ಲ. ತೆಗೆದರೆ ಒಳಗಿನ ಕಾವು ಹೋಗಿ ಕಾಯಿ ಅರೆಬರೆ ಆಗುತ್ತದೆ ಎನ್ನುತ್ತಿದ್ದರು. ಆ ಪುಡಿಗೆ ಈಗ ನಿಷೇಧವಿದೆ. ಆಗಲೂ ಇತ್ತಂತೆ.

ಬಾಗಿಲು ಹಾಕುವ ಕೆಲಸ ಮುನಿಯಣ್ಣನದು. ಹಾಕುವ ಮೊದಲು ಅವನು ಬಾಗಿಲಿಗೆ ಮೂರು ಸಲ ಗುದ್ದಿ, "ಒಳಗ್ಯಾರನ್ನಾ ಇದ್ದೀರೇನ್ರೋ?" ಎಂದು ಕೂಗುತ್ತಿದ್ದ. ಯಾಕೆ ಎಂದು ಹೇಳಿದವಳು ಶಬೀನಾ. ಅನ್ವರ್ ಸಾಬ್ರ ಮಗಳು, ನನ್ನಷ್ಟೇ ವಯಸ್ಸಿನವಳು, ಹನ್ನೊಂದು.

"ಹೋದ ಸಲ ಒಂದು ಬಿಲ್ಲಿ ಒಳಗೇ ಉಳ್ಕೊಂಡ್ಬಿಟ್ಟಿತ್ತು. ಮೂರು ದಿನ ಆದ್ಮೇಲೆ ಹಣ್ಣಿನ ಜೊತೆ ಅದೂ ಬಂತು."

"ಬೆಕ್ಕು ಸತ್ತು ಹೋಗಿತ್ತಾ?" ಮಂಜು ಕೇಳಿದಳು. ಅವಳಿಗೆ ಎಂಟು ವರ್ಷ.

"ಇಲ್ಲ, ಎದ್ದು ಸಲಾಮ್ ಮಾಡ್ತು. ಕೇಳ್ತಾಳೆ ನೋಡು." ಶಬೀನಾ ತೋತಾಪುರಿ ಹೋಳಿಗೆ ಉಪ್ಪುಖಾರ ಒತ್ತುತ್ತಾ ಹೇಳಿದಳು. "ಆ ಕಡೆ ಹೋದ್ರೆ ನಮ್ ಅಬ್ಬಾ ಕಾಲು ಮುರೀತೀನಿ ಅಂದವ್ರೆ. ನಿಮ್ದೂ ಸೇರಿಸಿ."

ಆ ವರ್ಷ ಸೀನಮಾವ ಬಂದಿದ್ದರು. ಅಮ್ಮನ ತಮ್ಮ. ಸರಕು ಸಾಗಿಸುವ ಹಡಗಿನಲ್ಲಿ ಅಡುಗೆಯವರು. ಸಮುದ್ರವನ್ನೇ ನೋಡದ ನಮ್ಮ ಊರಿನಲ್ಲಿ ಅವರ ಕೆಲಸವನ್ನು ಯಾರೂ ಪೂರ್ತಿ ನಂಬಿರಲಿಲ್ಲ. ಅಜ್ಜಿಯಂತೂ ತನ್ನ ತೆಲುಗು ಬೆರೆತ ಕನ್ನಡದಲ್ಲಿ "ನಾ ಕೊಡುಕು ಹಡಗಲ್ಲಿ ಸಾರು ಕಾಯಿಸ್ತಾನೆ, ಅದು ಅಲ್ಲಾಡಿ ಚೆಲ್ಲಲ್ವೇನೋ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅವರು ರಜೆಗೆ ಬಂದಾಗ ಬಟ್ಟೆಯ ಪೆಟ್ಟಿಗೆಗಿಂತ ಮೊದಲು ಬಿಚ್ಚುತ್ತಿದ್ದದ್ದು ಒಂದು ದಪ್ಪ ರಟ್ಟಿನ ಮಡಿಕೆ. ತೆರೆದರೆ ಅಮೆರಿಕದ ಭೂಪಟ, ಅದರಲ್ಲಿ ಅಂಕಿ ಹಾಕಿದ ಐವತ್ತು ದುಂಡನೆಯ ತೂತು. ಒಂದೊಂದು ರಾಜ್ಯಕ್ಕೆ ಒಂದೊಂದು ಕಾಲು ಡಾಲರಿನ ನಾಣ್ಯ. ಒಂದು ಮುಖದಲ್ಲಿ ಎಲ್ಲಕ್ಕೂ ಅದೇ ಗಂಭೀರ ಗಂಡಸಿನ ತಲೆ, ಇನ್ನೊಂದು ಮುಖದಲ್ಲಿ ಬೇರೆಬೇರೆ ಚಿತ್ರ. ಬಂದರುಗಳ ಅಂಗಡಿಯಲ್ಲಿ ಚಿಲ್ಲರೆ ಕೇಳಿ ಕೇಳಿ, ಜೊತೆಯ ಕೆಲಸದವರಿಗೆ ಚಪಾತಿ ಲಂಚ ಕೊಟ್ಟು ಅವರು ಕೂಡಿಸಿದ್ದು. ಆ ವರ್ಷ ಐವತ್ತೂ ತುಂಬಿತ್ತು.

ಅಂಥ ಅಚ್ಚುಕಟ್ಟಾದ ವಸ್ತುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಪ್ರತಿಯೊಂದಕ್ಕೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದೇ ನಾಣ್ಯ. ಮೊದಲನೆಯ ಸಂಜೆ ಮಂಜು ಬೇಗ ಮಲಗಿದ ಮೇಲೆ ನಾನು ಅಜ್ಜಿಯ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದೆ. ನಾಲ್ಕನೆಯ ತೂತಿನಲ್ಲಿ ಒಂದು ಹಣ್ಣಿತ್ತು. ದುಂಡಗೆ, ತೊಟ್ಟಿನ ಹತ್ತಿರ ಎಲೆ.

"ಅಲ್ಲೂ ಮಾವಿನಹಣ್ಣು ಬೆಳೀತಾರಾ?"

ಸೀನಮಾವ ನಕ್ಕರು. "ಮಾವಿನಹಣ್ಣಲ್ಲ ಕಣೇ, ಪೀಚ್ ಅಂತ. ಮೈಮೇಲೆ ಕರುವಿನ ಕಿವಿ ಥರ ಸಣ್ಣ ರೋಮ ಇರುತ್ತೆ. ಹಡಗಲ್ಲಿ ಡಬ್ಬಗಟ್ಲೆ ಕತ್ತರಿಸಿದ್ದೀನಿ. ನಮ್ಮ ಊರಿನೋರು ಯಾರು ನೋಡಿದ್ರೂ ಮಾವಿನಹಣ್ಣು ಅಂತಾರೆ. ನಾನೂ ಮೊದಲು ಹಂಗೇ ಅಂದ್ಕೊಂಡಿದ್ದೆ."

ಹಣ್ಣಿನ ಎರಡು ಪಕ್ಕದಲ್ಲೂ ಮರದ ರೆಂಬೆ. ಮೇಲೆ ಬಾಗಿದ ಪಟ್ಟಿಯಲ್ಲಿ ಮೂರು ಪದ. ಕನ್ನಡಿ ಹಿಡಿದು ಕೂಡಿಸಿ ಓದಿದೆ: ವಿಸ್ಡಮ್, ಜಸ್ಟಿಸ್, ಮಾಡರೇಷನ್.

"ವಿವೇಕ, ನ್ಯಾಯ, ಮಿತಿ," ಎಂದರು ಮಾವ. "ಹಣ್ಣಿನ ಮೇಲೆ ಯಾಕೆ ಬರೆದ್ರೋ ದೇವರಿಗೇ ಗೊತ್ತು."

ಮರುದಿನ ಬೆಳಿಗ್ಗೆ ಅವರು ಆಟ ಹೂಡಿದರು. ಮೂರು ನಾಣ್ಯ ತೆಗೆದು, ಅವುಗಳ ಜೊತೆಗೆ ಚೀಟಿ ಬರೆದು, ಎರಡನ್ನು ಬಚ್ಚಿಟ್ಟು ಬಂದರು. ಕೊನೆಯ ಜಾಗದಲ್ಲಿ ಇಡೀ ಭೂಪಟ. "ಮೊದಲು ಮುಟ್ಟಿದೋರಿಗೆ ಅದು. ಪೂರ್ತಿ. ಹಂಚಿಕೊಳ್ಳೋ ಮಾತಿಲ್ಲ," ಎಂದರು. ಹಂಚಿಕೊಳ್ಳುವ ಮಾತಿಲ್ಲ ಎಂದದ್ದನ್ನು ನಾನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡೆ. ಮನೆಯಲ್ಲಿ ಅದುವರೆಗೆ ಮಂಜುವಿನ ಜೊತೆ ಹಂಚಿಕೊಳ್ಳದ ವಸ್ತು ನನ್ನದೆಂದು ಒಂದೂ ಇರಲಿಲ್ಲ. ಬಳಪದ ಡಬ್ಬಿ ಕೂಡ.

ಅಂದು ಶುಕ್ರವಾರ. ಗಾಳಿ ಇರಲಿಲ್ಲ. ಮಂಡಿಯ ಕಡೆಯಿಂದ ಆ ಇನ್ನೊಂದು ವಾಸನೆ ಬೇಲಿ ದಾಟಿ ಬಂದು ಅಂಗಳದಲ್ಲಿ ನಿಂತಿತ್ತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿ, "ಇವತ್ತು ಹೊಸದಾಗಿ ಅಡೆ ಹಾಕ್ತಾವ್ರೆ. ಆ ಕಡೆ ಸುಳೀಬೇಡಿ," ಎಂದಳು.

ಕೈಗೆ ಕೊಟ್ಟ ಮೊದಲ ನಾಣ್ಯದಲ್ಲಿ ಹಸುವಿನ ತಲೆ, ಜೋಳದ ತೆನೆ. ಬೇಲಿ ದಾಟಿ ಬಂದಿದ್ದ ಶಬೀನಾಳೂ ಸೇರಿ ಮೂವರೂ ಕೊಟ್ಟಿಗೆಗೆ ಓಡಿದೆವು. ಗೋದಲಿಯ ಹುಲ್ಲಿನಡಿ ಎರಡನೆಯ ನಾಣ್ಯ: ಮರಗಳಿಗೆ ಬಕೆಟ್ ಕಟ್ಟಿ ನಿಂತ ಒಬ್ಬ ಮನುಷ್ಯ. ಚೀಟಿಯಲ್ಲಿ ಹೀಗಿತ್ತು: "ತಲೆ ಯಾವ ಕಡೆ ನೋಡುತ್ತಿದೆಯೋ ಆ ಕಡೆ ತಿರುಗಿ. ಅಂಚಿನಲ್ಲಿ ಎಷ್ಟು ಗೀರಿವೆಯೋ ಅಷ್ಟು ಹೆಜ್ಜೆ."

ತಲೆ ನೋಡುತ್ತಿದ್ದದ್ದು ಎಡಕ್ಕೆ. ಗೀರು ಎಣಿಸುವುದಕ್ಕೆ ನಾನು ಒಂದು ಗೀರಿಗೆ ಕಾಡಿಗೆ ಹಚ್ಚಿ, ಸೂಜಿಯ ಮೊನೆಯಿಂದ ಒಂದೊಂದನ್ನೇ ದಾಟಿಸುತ್ತಾ ಕೂತೆ. ಎರಡು ಸಲ ಎಣಿಸಿದೆ. ನೂರಹತ್ತೊಂಬತ್ತು.

"ಲೇ ಲೆಕ್ಕದಮ್ಮ, ಇವಳು ಎಣಿಸೋದ್ರಲ್ಲಿ ನಮ್ಗೆ ಮದುವೆ ಆಗೋಗುತ್ತೆ," ಎಂದಳು ಶಬೀನಾ. ಅಷ್ಟರಲ್ಲಿ ಅವಳ ತಾಯಿ ಬೇಲಿಯಾಚೆಯಿಂದ ಕೂಗಿದರು. ಅಬ್ಬಾ ನಮಾಜಿಗೆ ಹೊರಡುವ ಮುಂಚೆ ಬಿಸಿನೀರು ಕಾಯಿಸಬೇಕಿತ್ತು. "ನನ್ ಬಿಟ್ಟು ಹುಡುಕಿದ್ರೆ ಮಾತಾಡ್ಸಲ್ಲ," ಎಂದು ಹೋದಳು.

ನಾನೂ ಮಂಜುವೂ ಹೆಜ್ಜೆ ಹಾಕಿದೆವು. ನನ್ನ ಹೆಜ್ಜೆ ದೊಡ್ಡದು, ಅವಳದು ಚಿಕ್ಕದು. ಆದರೂ ಇಬ್ಬರೂ ಬಂದು ನಿಂತದ್ದು ಊರಿನ ಕಿರುಕೆರೆ ಕುಂಟೆಯ ದಂಡೆಯ ಈಚಲ ಮರಗಳ ಹತ್ತಿರವೇ. ಹೆಂಡ ಇಳಿಸುವವರು ಬಿಟ್ಟುಹೋದ ಒಡಕು ಮಡಕೆಯೊಂದು ಮರಕ್ಕೆ ನೇತಾಡುತ್ತಿತ್ತು. ಮಂಜು ನನ್ನ ಹೆಗಲೇರಿ ಕೈ ಹಾಕಿದಳು. ಚೀಟಿ ನನ್ನ ಕೈಗೆ ಬಿತ್ತು, ನಾಣ್ಯ ಅವಳ ಕೈಯಲ್ಲಿ ಉಳಿಯಿತು.

ಚೀಟಿಯಲ್ಲಿ ಎರಡೇ ಸಾಲು. "ಚಿತ್ರ ನೋಡಿದ್ದು ಸಾಕು. ಈಗ ಓದಿ."

ಮಂಜು ನಾಣ್ಯವನ್ನು ಬಿಸಿಲಿಗೆ ಹಿಡಿದಿದ್ದಳು. "ಅಕ್ಕ, ಹಣ್ಣು! ಮಾವಿನಹಣ್ಣು ತಾನೆ?"

ನಾನು ಚೀಟಿಯನ್ನು ಇನ್ನೊಮ್ಮೆ ಓದಿದೆ.

"ಹಣ್ಣು ಇರೋದು ಅಡೆ ಕೋಣೆಲಿ ಅಲ್ವಾ? ಮಾವ ಬೆಳಿಗ್ಗೆ ಮಂಡಿಗೆ ಹೋಗಿದ್ರು, ನಾನು ನೋಡ್ದೆ. ಅಲ್ಲೇ ಇಟ್ಟವ್ರೆ. ಅಲ್ವಾ ಅಕ್ಕ?"

ಮಾವ ಮಂಡಿಗೆ ಹೋಗಿದ್ದದ್ದು ಬೀಡಿಗೆ. ಅದೂ ನನಗೆ ಗೊತ್ತಿತ್ತು. ಓದಬೇಕಾದದ್ದು ನಾಣ್ಯದ ಮೇಲಿನ ಪಟ್ಟಿ, ಅದರಲ್ಲಿರುವುದು ನ್ಯಾಯ, ಎರಡು ಪಕ್ಕ ಮರದ ರೆಂಬೆ. ಊರಿನಲ್ಲಿ ಎರಡು ಮರದ ನಡುವೆ ಕೂತು ನ್ಯಾಯ ಹೇಳುವ ಜಾಗ ಒಂದೇ. ಅರಳಿಯೂ ಬೇವೂ ಜೋಡಿಯಾಗಿ ಬೆಳೆದ ಕಟ್ಟೆ. ಇಷ್ಟೂ ನನ್ನ ತಲೆಯಲ್ಲಿ, ಅವಳು ಕೇಳಿ ಮುಗಿಸುವುದರೊಳಗೆ, ಸಾಲಾಗಿ ನಿಂತಿತ್ತು.

"ಹೋಗಿ ನೋಡು," ಎಂದೆ.

ಈ ಎರಡು ಪದಗಳನ್ನು ನಾನು ಆಮೇಲೆ ಎಷ್ಟೋ ವರ್ಷ ತಿರುವಿ ತಿರುವಿ ನೋಡಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ಹೌದು ಎಂದು ನಾನು ಹೇಳಲಿಲ್ಲ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಕಳ್ಳಿ ಬೇಲಿಯ ಸಂದಿನಲ್ಲಿ ಲಂಗ ಸಿಕ್ಕಿಕೊಂಡಾಗ ಒಂದು ಕ್ಷಣ ನಿಂತಳು. ಕೂಗಿದ್ದರೆ ಕೇಳುವಷ್ಟು ಹತ್ತಿರ. ನಾನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದೆ.

ಕಟ್ಟೆಯ ಚಪ್ಪಡಿ ಕೆಳಗಿನ ಪೊಟರೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಭೂಪಟ ಸಿಕ್ಕಿತು. ಅಲ್ಲೇ ಕೂತು, ನನ್ನ ಹತ್ತಿರವಿದ್ದ ಎರಡು ನಾಣ್ಯಗಳನ್ನು ಅವುಗಳ ತೂತಿಗೆ ಒತ್ತಿದೆ. ಟಕ್ ಎಂದು ಕೂತವು. ನಾಲ್ಕನೆಯದೊಂದೇ ಖಾಲಿ. ಮಂಜು ಬಂದಮೇಲೆ ಇಸಿದುಕೊಂಡರಾಯಿತು ಎಂದುಕೊಂಡೆ. ಮಂಡಿಯ ಕಡೆಯಿಂದ ಮೂರು ಸಲ ಗುದ್ದಿದ ಸದ್ದು ಕೇಳಿಸಿತು. ಮುನಿಯಣ್ಣನ ಕೂಗೂ ಕೇಳಿಸಿತು. ಮಂಜು ಅಲ್ಲಿಂದ ಬೈಸಿಕೊಂಡು ಈಗ ಹೊರಗೆ ಬಂದಿರುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಂಡೆನೇ, ಅಥವಾ ಅಂದುಕೊಂಡೆನೆಂದು ಆಮೇಲೆ ಮಾಡಿಕೊಂಡೆನೇ, ಈಗ ಹೇಳಲಾರೆ.

ಊಟಕ್ಕೆ ಅಜ್ಜಿ ಮುದ್ದೆ ಕಟ್ಟಿ, ಮಾವಿನಕಾಯಿ ಹಾಕಿದ ಬೇಳೆ ಸಾರು ಬಡಿಸಿದಳು. ಮೂರು ತಟ್ಟೆ ಇಟ್ಟಿದ್ದಳು.

"ಗೆದ್ದೆಯಲ್ಲ, ಲೆಕ್ಕದಮ್ಮ," ಎಂದರು ಸೀನಮಾವ. "ಮಂಜು ಎಲ್ಲಿ?"

"ಗೊತ್ತಿಲ್ಲ ಮಾವ."

ಸೋತಿದ್ದಕ್ಕೆ ಮುನಿಸಿಕೊಂಡು ಎಲ್ಲೋ ಕೂತಿರಬೇಕು ಎಂದು ಅಜ್ಜಿ ನಕ್ಕಳು. ಮುದ್ದೆ ತಣ್ಣಗಾಯಿತು. ಅಜ್ಜಿ ಕೊಟ್ಟಿಗೆ ನೋಡಿ ಬಂದಳು, ಅಟ್ಟ ನೋಡಿದಳು. "ಮಂಜೂ, ರಾವೇ ತಲ್ಲೀ, ನಿನಗೂ ಒಂದು ಕೊಡಿಸ್ತೀನಿ ಬಾರೇ," ಎಂದು ಹಿತ್ತಲಿನಲ್ಲಿ ಕೂಗಿದಳು. ಮಾವ ಕುಂಟೆಗೆ ಇಳಿದರು. ನೀರು ಮೊಣಕಾಲಿನವರೆಗೆ ಮಾತ್ರ ಇತ್ತು. ಅಕ್ಕಪಕ್ಕದವರು ಸೇರಿದರು. ಯಾರೋ ಒಬ್ಬರು ಹೇಳಿಯೇಬಿಟ್ಟರು: "ಬಾವಿ ನೋಡಿದ್ರಾ?"

ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ತಂದು ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಆ ಕೊಕ್ಕೆಗಳು ಕಲ್ಲಿಗೆ ತಾಗುವ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಅಜ್ಜಿ ಬಾವಿಕಟ್ಟೆಗೆ ತಲೆ ಆನಿಸಿ ಕೂತಿದ್ದಳು. ನಾನು ಭೂಪಟವನ್ನು ಎದೆಗೆ ಒತ್ತಿಕೊಂಡು ತುಳಸಿ ಕಟ್ಟೆಯ ಹತ್ತಿರ ನಿಂತಿದ್ದೆ. ಬಾವಿಯಲ್ಲಿ ಮಂಜು ಇಲ್ಲವೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಮಂಡಿ ಎಂದರೆ, ಅವಳು ಅಲ್ಲಿಗೆ ಹೋಗಿದ್ದು ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಹೋಗುವಾಗ ಯಾಕೆ ತಡೆಯಲಿಲ್ಲ ಎನ್ನುತ್ತಾರೆ. ಭೂಪಟ ವಾಪಸು ಕೊಡು ಎನ್ನುತ್ತಾರೆ. ಮೂರನೆಯದು ನನ್ನ ಮನಸ್ಸಿಗೆ ಬಂದಿತ್ತು. ಅದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಗರಡಿ ಎರಡನೆಯ ಸಲ ಮೇಲೆ ಬಂತು. ಕೊಕ್ಕೆಗೆ ಒಂದು ಬಟ್ಟೆ ಸಿಕ್ಕಿತ್ತು. ಅಜ್ಜಿ ಕಿರುಚಿದಳು. ಅದು ಎಂದೋ ಬಿದ್ದ ಹಳೆಯ ಟವೆಲ್ಲು.

"ಮಂಡಿ ಕಡೆ ನೋಡಿದ್ರಾ, ಮಾವ?" ಎಂದೆ.

ಹಗ್ಗ ಹಿಡಿದಿದ್ದ ಸೀನಮಾವ ತಿರುಗಿದರು. "ಯಾಕೆ, ಮಂಡಿ?"

"ನಾಣ್ಯದಲ್ಲಿ ಹಣ್ಣಿತ್ತಲ್ಲ."

ಅವರು ನನ್ನನ್ನು ನೋಡಿದರು. ಕೋಪದಿಂದಲ್ಲ. ಒಂದು ಲೆಕ್ಕವನ್ನು ಕೊನೆಯ ಸಾಲಿನವರೆಗೆ ಓದಿದವರ ಹಾಗೆ. ಆಮೇಲೆ ಹಗ್ಗ ಬಿಟ್ಟು, ಬೇಲಿಯ ಸಂದು ಹುಡುಕದೆ, ಕಳ್ಳಿಯ ಮೇಲೇ ಹಾರಿ ಓಡಿದರು.

ಮಂಡಿಯಲ್ಲಿ ಯಾರೂ ಇರಲಿಲ್ಲ. ಅನ್ವರ್ ಸಾಬ್ರು ನಮಾಜಿನಿಂದ ಇನ್ನೂ ಬಂದಿರಲಿಲ್ಲ, ಮುನಿಯಣ್ಣ ಊಟಕ್ಕೆ ಹೋಗಿದ್ದ. ಬಾಗಿಲಿಗೆ ಮೆತ್ತಿದ ಕೆಮ್ಮಣ್ಣು ಅಂಚಿನಲ್ಲಿ ಒಣಗಿ ಬಿಳಿಚಿಕೊಂಡಿತ್ತು. ಮಾವ ಅದನ್ನು ಉಗುರಿನಿಂದ ಕಿತ್ತರು. ಗೋಣಿ ಎಳೆದರು. ಬಾಗಿಲು ತೆರೆದಾಗ ಬಂದ ವಾಸನೆಗೆ ಹಿಂದೆ ಬಂದವರೆಲ್ಲ ಮುಖ ತಿರುಗಿಸಿದರು.

ಮಂಜು ಹೊಸ್ತಿಲಿಗೆ ಮುಖ ಒತ್ತಿ ಮಲಗಿದ್ದಳು. ಇಲಿ ಕೊರೆದ ಒಂದು ಸಣ್ಣ ತೂತಿನ ಹತ್ತಿರ ಗೋಣಿ ಸರಿಯಾಗಿ ಕೂತಿರಲಿಲ್ಲ. ಮೂಗು ಅಲ್ಲಿತ್ತು. ಅದಕ್ಕೇ ಉಳಿದಳು ಎಂದು ಕೋಲಾರದ ಆಸ್ಪತ್ರೆಯ ಡಾಕ್ಟರು ಆಮೇಲೆ ಹೇಳಿದರು. ತುಟಿಯ ಸುತ್ತ ವಾಂತಿ, ಕಣ್ಣು ಅರ್ಧ ತೆರೆದಿತ್ತು. ನಾಣ್ಯ ಮುಷ್ಟಿಯಲ್ಲೇ ಇತ್ತು. ಬಿಡಿಸಲು ಹೋದರೆ ಬೆರಳು ಬಿಡಲಿಲ್ಲ.

ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಮುನಿಯಣ್ಣ ವಾರ್ಡಿನ ಹೊರಗೆ ಕೂತು ಅಳುತ್ತಿದ್ದ. "ಗುದ್ದಿದೆ ಕಣಮ್ಮಾ, ಮೂರು ಸಲ ಗುದ್ದಿ ಕೂಗಿದೆ. ಯಾಕೆ ಪಲಕಲಿಲ್ಲ ನನ್ನ ತಾಯಿ?" ಮಂಜು ಎಚ್ಚರಾದಮೇಲೆ ಹೇಳಿದಳು: ಹೋಗಬಾರದ ಜಾಗಕ್ಕೆ ಹೋಗಿದ್ದಕ್ಕೆ ಬೈತಾರೆ ಅಂತ ಕಾಯಿ ತುಂಬಿದ ಮಕ್ಕರಿ ಬುಟ್ಟಿಯ ಹಿಂದೆ ಕೂತು ಉಸಿರು ಹಿಡಿದಿದ್ದೆ. ಬಾಗಿಲು ಹಾಕಿದಮೇಲೆ ಕೂಗಿದೆ, ಯಾರೂ ಬರಲಿಲ್ಲ.

ಅಪ್ಪ ಅಮ್ಮ ಮಾಲೂರಿನಿಂದ ಓಡಿ ಬಂದಿದ್ದರು. ಎಲ್ಲರ ಮುಂದೆ ಅಜ್ಜಿ ಸೀನಮಾವನ ಮೇಲೆ ಹರಿಹಾಯ್ದಳು. "ನಿನ್ನ ಆಟಕ್ಕೆ ಬೆಂಕಿ ಬೀಳ. ಮಕ್ಕಳಿಗೆ ಹಣ್ಣಿನ ಚಿತ್ರ ಕೊಟ್ಟು ಹುಡುಕು ಅಂದ್ರೆ ಅವು ಇನ್ನೆಲ್ಲಿ ಹುಡುಕ್ತಾವೆ ಈ ಊರಲ್ಲಿ?"

"ಹೌದಮ್ಮ. ತಪ್ಪು ನನ್ನದೇ," ಎಂದರು ಮಾವ.

ಆಮೇಲೆ ಅಜ್ಜಿ ನನ್ನನ್ನು ಹತ್ತಿರ ಎಳೆದು, ಕೆನ್ನೆಯ ಎರಡು ಕಡೆ ಕೈ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. "ಈ ಮಗು ಮಂಡಿ ಅನ್ನದೇ ಇದ್ದಿದ್ರೆ ಮೂರು ದಿನ ಆಗ್ತಿತ್ತು ಬಾಗಿಲು ತೆಗೆಯೋದು. ಬಂಗಾರು ಬುದ್ಧಿ." ಆಸ್ಪತ್ರೆಯ ಆ ಪಡಸಾಲೆಯಲ್ಲಿ ಎಲ್ಲರೂ ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದರು. ಮಾವ ಮಾತ್ರ ಗೋಡೆ ನೋಡುತ್ತಿದ್ದರು. ಉಗುರುಗಳಲ್ಲಿ ಇನ್ನೂ ಕೆಮ್ಮಣ್ಣಿತ್ತು.

ರಜೆ ಮುಗಿಯುವ ಮುಂಚೆಯೇ ಅವರು ಹಡಗಿಗೆ ಹೊರಟುಹೋದರು. ಮುಂದಿನ ವರ್ಷಗಳಲ್ಲಿ ಬಂದಾಗ ಸೋಪು ತಂದರು, ಚಾಕಲೇಟು ತಂದರು, ನಾಣ್ಯ ತರಲಿಲ್ಲ. ಅಂದು ಈಚಲ ಮರದ ಹತ್ತಿರ ಏನಾಯಿತೆಂದು ಕೇಳಲಿಲ್ಲ. ಗೊತ್ತಿರುವುದನ್ನು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಶಬೀನಾಳ ಮನೆಗೂ ನಮ್ಮ ಮನೆಗೂ ನಡುವಿನ ಬೇಲಿಯ ಸಂದನ್ನು ಮುಳ್ಳು ಹಾಕಿ ಮುಚ್ಚಿದರು. ಅವಳು ಮುಳ್ಳಿನಾಚೆ ನಿಂತು ಒಮ್ಮೆ, "ನನ್ ಬಿಟ್ಟು ಹೋದ್ರಿ ನೋಡು," ಎಂದಳು. ನಗುತ್ತಿರಲಿಲ್ಲ.

ಎಲ್ಲರೂ ನನ್ನದು ಮಾತು ಕಡಿಮೆ ಎನ್ನುತ್ತಾರೆ. ಓದಿದ ಕಾಲೇಜಿನಲ್ಲೂ, ಈಗ ಕೆಲಸ ಮಾಡುವಲ್ಲೂ ಅದನ್ನು ಒಳ್ಳೆಯ ಗುಣವೆಂದೇ ಎಣಿಸುತ್ತಾರೆ. ನಾನು ತಿದ್ದುವುದಿಲ್ಲ.

ಮಂಜು ಬೆಳೆದದ್ದು ಅಕ್ಕ ಉಳಿಸಿದ ಹುಡುಗಿಯಾಗಿ. ಅವಳ ಯಾವ ಹುಟ್ಟುಹಬ್ಬದಲ್ಲೂ ಅಮ್ಮ ಆ ಕಥೆ ಹೇಳದೆ ಇರಲಿಲ್ಲ. ಮಂಜು ಹೊಸ ಬಟ್ಟೆ ಉಟ್ಟರೆ ಮೊದಲು ನನಗೆ ತೋರಿಸುತ್ತಿದ್ದಳು. ಹಾಸ್ಟೆಲಿನಿಂದ ದಿನವೂ ಫೋನ್ ಮಾಡುತ್ತಿದ್ದಳು. ಮಾವಿನಹಣ್ಣು ಮಾತ್ರ ಮುಟ್ಟುತ್ತಿರಲಿಲ್ಲ. ಯಾವ ಕೋಣೆಯಲ್ಲಿ ಮಲಗಿದರೂ ಬಾಗಿಲು ಮುಚ್ಚದಂತೆ ಚಪ್ಪಲಿಯೊಂದನ್ನು ಅಡ್ಡ ಇಡುತ್ತಿದ್ದಳು. ಕೋಲಾರದಲ್ಲಿ ನನಗೆ ಕೆಲಸ ಸಿಕ್ಕಮೇಲೆ, ಅಲ್ಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದ ಅವಳು ನನ್ನ ಬಾಡಿಗೆ ಮನೆಗೇ ಬಂದಳು. ಎರಡು ವರ್ಷ ಒಂದೇ ಒಲೆಯಲ್ಲಿ ಉಂಡೆವು. ನಾಣ್ಯ ಅವಳ ಪರ್ಸಿನಲ್ಲಿರುತ್ತಿತ್ತು. ಭೂಪಟ ನನ್ನ ಬೀರುವಿನಲ್ಲಿತ್ತು. ಎರಡೂ ಒಂದೇ ಮನೆಯಲ್ಲಿದ್ದರೂ ನಾವು ಅವನ್ನು ಹತ್ತಿರ ತಂದಿರಲಿಲ್ಲ.

ಈ ಸಲ ಬೇಸಿಗೆಯಲ್ಲಿ ಒಂದು ಭಾನುವಾರ ಅವಳು ಪೇಟೆಯಿಂದ ಬಂದವಳು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಒಳಗೆ ನಾಲ್ಕು ಹಣ್ಣು. ಹೊರದೇಶದಿಂದ ಬಂದದ್ದಂತೆ, ಮುಚ್ಚಳದ ಮೇಲೆ ಹೆಸರು ಬರೆದಿತ್ತು. ಅವಳು ಒಂದನ್ನು ತೆಗೆದು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಪರ್ಸಿನಿಂದ ನಾಣ್ಯ ತೆಗೆದು ಪಕ್ಕದಲ್ಲಿಟ್ಟಳು.

"ಅಕ್ಕ, ಇದು ಮಾವಿನಹಣ್ಣಲ್ಲ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಮೈಮೇಲೆ ರೋಮ ಇದೆ. ಕರುವಿನ ಕಿವಿ ಥರ." ಅವಳು ಹಣ್ಣನ್ನೇ ನೋಡುತ್ತಿದ್ದಳು. "ಸೀನಮಾವಂಗೆ ಫೋನ್ ಮಾಡಿ ಎಂಥ ಹಣ್ಣು ಅಂತ ಕೇಳಿದ್ದೆ, ಹಿಂಗಂದ್ರು. ಇದನ್ನ ಆಟಕ್ಕೆ ಮುಂಚೆನೇ ನಿಂಗೆ ಹೇಳಿದ್ರಾ ಅಂತ ಕೇಳ್ದೆ. ಅವರು, ನಿಮ್ಮ ಅಕ್ಕನ್ನೇ ಕೇಳು ಅಂದ್ರು. ಅಷ್ಟೇ ಅಂದಿದ್ದು."

ಹೊರಗೆ ಯಾರೋ ಗಾಡಿಯಲ್ಲಿ ಬಾದಾಮಿ ಮಾವಿನಹಣ್ಣು ಕೂಗುತ್ತಾ ಹೋದರು.

"ನಿಂಗೆ ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಅವಳು ಚಾಕು ತಂದು ಹಣ್ಣನ್ನು ಎರಡು ಹೋಳು ಮಾಡಿದಳು. ಬಳಪದ ಡಬ್ಬಿಯ ದಿನಗಳಿಂದ ಮಾಡುತ್ತಿದ್ದ ಹಾಗೆಯೇ, ಒಂದನ್ನು ನನ್ನ ಕಡೆ ಸರಿಸಿದಳು. ತನ್ನದನ್ನು ತಿನ್ನಲಿಲ್ಲ. ನಾನು ತಿಂದೆ. ಅದರ ರುಚಿ ಏನೆಂದು ಯಾರಾದರೂ ಕೇಳಿದರೆ ಹೇಳಲು ನನಗೆ ಬರುವುದಿಲ್ಲ.

ಮುಂದಿನ ತಿಂಗಳು ಅವಳು ಮುಳಬಾಗಿಲಿನ ಲ್ಯಾಬಿಗೆ ವರ್ಗ ಕೇಳಿಕೊಂಡು ಹೋದಳು. ಜಗಳವಿಲ್ಲ. ಹಬ್ಬಕ್ಕೆ ಬರುತ್ತಾಳೆ, ಅಮ್ಮನ ಮುಂದೆ ಅಕ್ಕ ಎನ್ನುತ್ತಾಳೆ, ಅಮ್ಮ ಕಥೆ ಹೇಳುವಾಗ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾಳೆ. ದಿನದ ಫೋನು ನಿಂತಿದೆ. ಅಜ್ಜಿ ಈಗಿಲ್ಲ, ಅನ್ವರ್ ಸಾಬ್ರ ಮಂಡಿ ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿಯಿದೆ, ಕಟ್ಟೆಯ ಬೇವಿನ ಮರವನ್ನು ರಸ್ತೆಗೆಂದು ಕಡಿದರು. ಇವೆಲ್ಲ ಎಲ್ಲರೂ ಕಳೆದುಕೊಳ್ಳುವಂಥವು.

ಅವಳು ಹೋದ ದಿನ ಸಂಜೆ ಮನೆಗೆ ಬಂದಾಗ ಭೂಪಟ ಬೀರುವಿನಿಂದ ಹೊರಗೆ, ಮೇಜಿನ ಮೇಲೆ ತೆರೆದಿತ್ತು. ನಾಲ್ಕನೆಯ ತೂತಿನಲ್ಲಿ ನಾಣ್ಯ ಕೂತಿತ್ತು. ಇಷ್ಟು ವರ್ಷ ಅವಳ ಬೆರಳಿನಲ್ಲಿ ಆಡಿ ಆಡಿ ಹಣ್ಣು ಸವೆದು ನುಣ್ಣಗಾಗಿತ್ತು. ಪಟ್ಟಿಯ ಮೇಲಿನ ಅಕ್ಷರಗಳು ಮಾತ್ರ ಇನ್ನೂ ಓದಲು ಬರುತ್ತಿದ್ದವು.

ಈಗ ಐವತ್ತೂ ಇವೆ. ಪೂರ್ತಿ ನನ್ನದೇ. ರಾತ್ರಿ ಮಲಗುವ ಮುಂಚೆ ನಾನು ಕೋಣೆಯ ಬಾಗಿಲಿಗೆ ಒಂದು ಚಪ್ಪಲಿ ಅಡ್ಡ ಇಡುತ್ತೇನೆ.